ಗುಡ್ಡದ ಕಲ್ಲಿನ ಮೇಲೆ ಷಟ್ಪದಿ



ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಫಿ ತೋಟ. ಅದರ ನೆತ್ತಿಯಲ್ಲಿ ಒಂದು ಬಂಡೆ. ಅದಕ್ಕೆ ಹಿಂದೆ ಏನು ಹೆಸರಿತ್ತೋ, ಈಗಂತೂ ಮಕ್ಕಳೆಲ್ಲ ಸಿಗ್ನಲ್ ಕಲ್ಲು ಎಂದೇ ಕರೆಯುತ್ತಾರೆ. ಹತ್ತಿ ನಿಂತರೆ ಫೋನಿನಲ್ಲಿ ಎರಡು ಕಡ್ಡಿ. ಕೂತರೆ ಒಂದು. ಇಳಿದರೆ ಅದೂ ಇಲ್ಲ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ವಾರಕ್ಕೆ ಮೂರು ಸಂಜೆ ಆ ಕಲ್ಲು ಹತ್ತುತ್ತಿದ್ದಳು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಫೋನನ್ನು ಕೊಪ್ಪೆಯೊಳಗೇ ಕಿವಿಗೆ ಒತ್ತಿಕೊಂಡು, ಲಕ್ಷ್ಮೀಶನ ಷಟ್ಪದಿ ಓದುತ್ತಿದ್ದಳು. ಈ ತುದಿಯಲ್ಲಿ ಕೇಳುತ್ತಿದ್ದವನು ನಾನು. ಪದ್ಯದ ಜೊತೆಗೆ ಕೊಪ್ಪೆಯ ಮೇಲೆ ಬೀಳುವ ಮಳೆಯ ಸದ್ದೂ ಕೇಳುತ್ತಿತ್ತು.

ನಾನು ನಿವೃತ್ತ ಕನ್ನಡ ಮೇಷ್ಟ್ರು. ಇವತ್ತು ನನಗೆ ಕೊಟ್ಟಿರುವ ಹೊತ್ತಿನಲ್ಲಿ ಒಂದೇ ಒಂದು ಪ್ರಶ್ನೆ ಎತ್ತಿಕೊಳ್ಳುತ್ತೇನೆ. ಹಳೆಯ ಕಾವ್ಯ, ಹಳೆಯ ಭಾಷೆ, ಶಾಸನ, ವಾದ ಮಾಡುವ ಕಲೆ, ಇವನ್ನು ಆರರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಫೋನಿನಲ್ಲಿ ಕಲಿಸಲು ಆಗುತ್ತದೆಯೇ? ಆಗುತ್ತದೆ ಅನ್ನುವುದು ನನ್ನ ಉತ್ತರ. ಕಣ್ಣಿಗೆ ಕಲಿಸಲು ಹೋದರೆ ಆಗುವುದಿಲ್ಲ. ಕಿವಿಗೆ ಕಲಿಸಿದರೆ ಆಗುತ್ತದೆ.

ಈ ಬುದ್ಧಿ ನನಗೆ ತಾನಾಗಿ ಬಂದದ್ದಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದವು. ಸರ್ಕಾರ ವಿದ್ಯಾಗಮ ಎಂಬ ಕಾರ್ಯಕ್ರಮ ತಂತು. ಮೇಷ್ಟ್ರುಗಳು ಮಕ್ಕಳಿದ್ದಲ್ಲಿಗೇ ಹೋಗಿ ಮರದಡಿಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ಚಂದನ ವಾಹಿನಿಯಲ್ಲೂ ಪಾಠ ಬಂತು. ಗಣಿತ, ವಿಜ್ಞಾನ ಕೈತಪ್ಪದಿದ್ದರೆ ಸಾಕು ಎಂದು ಎಲ್ಲರೂ ಒದ್ದಾಡುತ್ತಿದ್ದರು. ಷಟ್ಪದಿಯ ಚಿಂತೆ ಯಾರಿಗೆ? ನನಗೆ ಆಗತಾನೇ ನಿವೃತ್ತಿಯಾಗಿತ್ತು. ಕೈ ಖಾಲಿ. ಪರಿಚಯದ ಮನೆಗಳ ಒಂಬತ್ತು ಮಕ್ಕಳನ್ನು ಫೋನಿನಲ್ಲಿ ಕೂಡಿಹಾಕಿದೆ.

ಮೊದಲ ದಿನ ವಿಡಿಯೋ ಪಾಠ. ಮಗನ ಕೈಲಿ ಚಿತ್ರಗಳನ್ನು ಮಾಡಿಸಿಕೊಂಡಿದ್ದೆ. ಕುದುರೆ, ರಥ, ಅರಮನೆ, ಎಲ್ಲ ಬಣ್ಣಬಣ್ಣ. ಐದು ನಿಮಿಷ ಆಗಿರಬೇಕು. ಆ ಕಡೆಯಿಂದ ಒಂದು ನಗು ಬಂತು. ಏನ್ರೋ ಅಂದೆ. "ಸಾರ್, ನೀವು ಬಾಯಿ ಬಿಟ್ಕೊಂಡು ನಿಂತುಬಿಟ್ಟಿದ್ದೀರಿ" ಅಂದ ಒಬ್ಬ. ಚಿತ್ರ ಅಲ್ಲಾಡದೆ ಕೂತುಬಿಟ್ಟಿತ್ತು. ಒಬ್ಬೊಬ್ಬರೇ ಕಳಚಿಕೊಂಡರು. ಉಳಿದವಳು ಕಲ್ಲಿನ ಮೇಲಿನ ಹುಡುಗಿ ಒಬ್ಬಳೇ. ಅವಳು ಹೇಳಿದಳು: "ಸಾರ್, ವಿಡಿಯೋ ಬಂದ್ ಮಾಡಿ. ಬರೀ ಮಾತಾಡಿ. ಮಾತು ಬರ್ತದೆ."

ಬಂದ್ ಮಾಡಿದೆ. ಅವತ್ತಿನಿಂದ ಹಾಕಿಲ್ಲ. ಒಂದು ಗಂಟೆ ವಿಡಿಯೋ ನುಂಗುವ ಡೇಟಾದಲ್ಲಿ ವಾರದ ಪಾಠವನ್ನೆಲ್ಲ ಬರೀ ಮಾತಿನಲ್ಲಿ ಮುಗಿಸಬಹುದು ಅನ್ನುವುದು ಆಮೇಲೆ ಗೊತ್ತಾಯಿತು.

ಇಷ್ಟರಲ್ಲಿ ನಾನು ಹೇಳಿದ್ದು ಒಂದೇ ಸಂಗತಿ. ಗುಡ್ಡಗಾಡಿನಲ್ಲಿ ಚಿತ್ರ ಬರುವುದಿಲ್ಲ, ಮಾತು ಬರುತ್ತದೆ. ಹಾಗಾದರೆ ಮಾತಿನಲ್ಲೇ ಮುಗಿಯುವ ಪಾಠ ಯಾವುದು? ನಮ್ಮ ಹಳೆಯ ಕಾವ್ಯವೇ.

ಕುಮಾರವ್ಯಾಸ ಸುಮಾರು 1430ರ ಹೊತ್ತಿನವನು, ಗದುಗಿನವನು. ಅವನ ಭಾರತವನ್ನು ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಮೌನವಾಗಿ ಓದಿದ್ದು ಈಚೆಗೆ. ನೂರಾರು ವರ್ಷ ಅದನ್ನು ಒಬ್ಬ ಹಾಡಿ ಓದಿದ, ಊರು ಕೇಳಿತು. ಅದಕ್ಕೆ ಗಮಕ ಎಂದು ಹೆಸರು. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗಾಗಿಯೇ.

ನಾನು ಗಮಕ ಹೆಚ್ಚಾಗಿ ಕೇಳಿದ್ದು ಸಭೆಯಲ್ಲಿ ಅಲ್ಲ, ರೇಡಿಯೋದಲ್ಲಿ. ನಮ್ಮ ತಂದೆ ಕಳಸದ ಕಡೆ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಮೇಜಿನ ಮೇಲೆ ಕಸೂತಿ ಬಟ್ಟೆ ಹೊದ್ದ ರೇಡಿಯೋ. ಭದ್ರಾವತಿ ಕೇಂದ್ರ ಹಿಡಿದರೆ ಮಳೆಗಾಲದಲ್ಲಿ ಅರ್ಧ ಪದ್ಯ, ಅರ್ಧ ಗೊರಗೊರ. ಪದ್ಯದ ಒಂದು ಪದ ಗೊರಗೊರದಲ್ಲಿ ಮುಳುಗಿಹೋದರೆ ತಂದೆ ನಮ್ಮ ಕಡೆ ತಿರುಗಿ, "ಏನಿರಬಹುದು ಹೇಳು" ಅನ್ನುತ್ತಿದ್ದರು. ಪ್ರಾಸ ನೋಡಿ ಹೇಳಬೇಕು, ಲಯ ನೋಡಿ ಹೇಳಬೇಕು. ಆಗ ಅದು ನಮಗೆ ಆಟ. ಈಗ ಯೋಚಿಸಿದರೆ ಛಂದಸ್ಸಿನ ಪಾಠ ನನಗೆ ಆದದ್ದೇ ಆ ಗೊರಗೊರದಲ್ಲಿ. ದೂರಶಿಕ್ಷಣ ಅನ್ನುವುದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಬಂದದ್ದು. ನೀವು ಈಗ ಕೇಳುತ್ತಿರುವುದೂ ಅದೇ ವಂಶದ ದನಿ.

ಸರಿ, ಕಾವ್ಯ ಕಿವಿಯ ಸರಕು ಎಂದಾಯಿತು. ಎಲ್ಲಿಂದ ಶುರು ಮಾಡುವುದು? ನಾನು ಹಿಡಿದದ್ದು ನಮ್ಮ ಜಿಲ್ಲೆಯವನನ್ನೇ.

ಜೈಮಿನಿ ಭಾರತದ ಲಕ್ಷ್ಮೀಶ ತನ್ನ ಊರನ್ನು ದೇವಪುರ ಅನ್ನುತ್ತಾನೆ. ಅದು ಕಡೂರು ತಾಲ್ಲೂಕಿನ ದೇವನೂರು ಎಂದು ಹೆಚ್ಚಿನ ವಿದ್ವಾಂಸರ ಮತ. ಸುರಪುರದವರೂ ಹಕ್ಕು ಹೇಳಿದ್ದುಂಟು. ಆ ಜಗಳ ಇಲ್ಲಿ ಬೇಡ. ಚಿಕ್ಕಮಗಳೂರಿನ ಮಕ್ಕಳಿಗೆ ಪಾಠ ಮಾಡುವಾಗ ನಾನು ದೇವನೂರಿನ ಪಕ್ಷ. ಕಾವ್ಯದಲ್ಲಿ 34 ಸಂಧಿ, ಸುಮಾರು 1,900 ಪದ್ಯ. ಧರ್ಮರಾಯನ ಅಶ್ವಮೇಧದ ಕುದುರೆ ಊರೂರು ತಿರುಗುತ್ತದೆ, ಹೋದಲ್ಲೆಲ್ಲ ಒಂದು ಕತೆ. ಫೋನಿನ ಪಾಠಕ್ಕೆ ಇದಕ್ಕಿಂತ ಅನುಕೂಲದ ಕಾವ್ಯ ನನಗೆ ಗೊತ್ತಿಲ್ಲ. ಒಂದು ವಾರ ಕರೆಂಟ್ ಹೋಯಿತು, ಪಾಠ ನಿಂತಿತು ಅನ್ನಿ. ಮುಂದಿನ ವಾರ ಕುದುರೆ ಬೇರೆ ಊರಿಗೆ ಬಂದಿರುತ್ತದೆ, ಅಷ್ಟೇ.

ಲಯವನ್ನು ಬಾಯಲ್ಲಿ ಹೇಳಿ ಕಲಿಸಲಿಲ್ಲ. ಊಟದ ಸ್ಟೀಲ್ ತಟ್ಟೆಯನ್ನು ಮಗುಚಿ ಹಾಕಿಕೊಳ್ಳಿ ಅಂದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಬಡಿಯಬೇಕು. ಲಕ್ಷ್ಮೀಶನ ವಾರ್ಧಕ ಷಟ್ಪದಿಗೆ ಐದೈದು. ಬೆರಳು ತಪ್ಪಿದರೆ ಪದ್ಯ ಕುಂಟುತ್ತದೆ. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ಲಘು ಗುರು ಎಂಬ ಮಾತನ್ನು ನಾನು ಎತ್ತಿದ್ದು ಎರಡು ತಿಂಗಳ ಮೇಲೆ.

ಇಲ್ಲಿ ಒಂದು ಉಪಕಥೆ. ಶಾಲೆಯಲ್ಲಿ ಪದ್ಯ ಅಂದರೆ ಇಡೀ ತರಗತಿ ಒಟ್ಟಿಗೆ ಕೂಗುವುದು. ಫೋನಿನಲ್ಲಿ ಹಾಗೆ ಕೂಗಿಸಿ ನೋಡಿದೆ. ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ಬಂದು ಮುಟ್ಟುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಾಲ್ಕು ಪಲ್ಪರ್ ಒಟ್ಟಿಗೆ ತಿರುಗಿದ ಹಾಗೆ ಆಯಿತು. ಬೇರೆ ದಾರಿಯಿಲ್ಲದೆ ಒಬ್ಬರೇ ಓದಿ, ಉಳಿದವರು ಸುಮ್ಮನಿರಿ ಅಂದೆ. ಆಗ ಬಯಲಾಯಿತು ನೋಡಿ. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನನ್ನ ತರಗತಿಗಳಲ್ಲಿ ಎಷ್ಟು ಮಕ್ಕಳು ಗುಂಪಿನ ದನಿಯ ಹಿಂದೆ ಬಾಯಿ ಮಾತ್ರ ಆಡಿಸಿಕೊಂಡು ಪಾಸಾಗಿ ಹೋಗಿರಬಹುದು! ಈ ಒಂಬತ್ತು ಮಂದಿಗೆ ಅಡಗಲು ಜಾಗವಿರಲಿಲ್ಲ. ತೊದಲುವ ಹುಡುಗನೊಬ್ಬ ಇದ್ದ. ಅವನೂ ಒಬ್ಬನೇ ಓದಬೇಕು. ಮಾತಾಡುವಾಗ ತೊದಲುತ್ತಿದ್ದವನು ತಟ್ಟೆ ಬಡಿದುಕೊಂಡು ಓದಿದರೆ ತೊದಲುತ್ತಿರಲಿಲ್ಲ. ಯಾಕೆ ಎಂದು ನಾನು ವಿವರಿಸಲು ಹೋಗುವುದಿಲ್ಲ.

ಇಲ್ಲಿಯವರೆಗೆ ಕಿವಿ ಮತ್ತು ಲಯ. ಈಗ ಕಿವಿ ಮತ್ತು ಅಕ್ಷರ.

ಚಂದ್ರಹಾಸನ ಕತೆ ನಿಮಗೆ ಗೊತ್ತಿರಬೇಕು. ದುಷ್ಟಬುದ್ಧಿ ಎಂಬ ಮಂತ್ರಿ. ಅವನಿಗೆ ಚಂದ್ರಹಾಸನನ್ನು ಮುಗಿಸಬೇಕು. ಮಗ ಮದನನಿಗೆ ಒಂದು ಕಾಗದ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ತಂದವನಿಗೆ ವಿಷ ಕೊಡು ಎಂಬುದು ಅದರ ಒಕ್ಕಣೆ. ಚಂದ್ರಹಾಸ ದಾರಿಯಲ್ಲಿ ಉದ್ಯಾನವನದಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ಮಂತ್ರಿಯ ಮಗಳು ಅಲ್ಲಿಗೆ ಬರುತ್ತಾಳೆ. ಅವಳ ಹೆಸರು ವಿಷಯೆ. ಕಾಗದ ಬಿಚ್ಚಿ ನೋಡುತ್ತಾಳೆ. ಅಪ್ಪ ಅವಸರದಲ್ಲಿ ಅಕ್ಷರ ತಪ್ಪಿದ್ದಾನೆ ಅಂದುಕೊಂಡು ಕಣ್ಣ ಕಾಡಿಗೆಯಿಂದ ತಿದ್ದುತ್ತಾಳೆ. ವಿಷ ಹೋಗಿ ವಿಷಯೆ ಆಯಿತು. ಸಾಯಬೇಕಾದವನಿಗೆ ಮದುವೆಯಾಯಿತು.

ಆವತ್ತು ಮಕ್ಕಳು ಬಿಡಲೇ ಇಲ್ಲ. "ಸಾರ್, ಇದು ಆಟೋ ಕರೆಕ್ಟ್" ಅಂದ ಒಬ್ಬ. ಫೋನು ತಾನೇ ತಿದ್ದಿ ಅಪಾರ್ಥ ಮಾಡಿದ ಸಂದೇಶಗಳನ್ನೆಲ್ಲ ಒಬ್ಬೊಬ್ಬರೂ ಹೇಳಿದರು. ಆಮೇಲೆ ಒಬ್ಬಳು ಕೇಳಿದಳು: "ಅಪ್ಪ ತಪ್ಪು ಬರೆದಿದ್ದಾರೆ ಅಂತ ಅವಳು ನಿಜವಾಗಿ ತಿಳ್ಕೊಂಡ್ಳಾ, ಇಲ್ಲಾ ಗೊತ್ತಿದ್ದೂ ತಿದ್ದಿದ್ಳಾ?" ಅರ್ಧ ಗಂಟೆ ಅದೇ ಆಯಿತು. ಯಾರು ಬರೆದದ್ದು, ಯಾರು ತಿದ್ದಿದ್ದು, ತಿದ್ದಿದ್ದು ಹೇಗೆ ಗೊತ್ತಾಗುತ್ತದೆ, ಮದನನಿಗೆ ಕಾಡಿಗೆಯ ಬಣ್ಣ ಯಾಕೆ ಅನುಮಾನ ತರಲಿಲ್ಲ. ಹಳೆಯ ಹಸ್ತಪ್ರತಿ ಮುಂದಿಟ್ಟುಕೊಂಡ ವಿದ್ವಾಂಸರು ಕೇಳುವ ಪ್ರಶ್ನೆಗಳೇ ಇವು. ಗ್ರಂಥಸಂಪಾದನೆ ಎಂಬ ದೊಡ್ಡ ಹೆಸರನ್ನು ನಾನು ಹೇಳಲಿಲ್ಲ. ಆದರೆ ಆ ವಾರದಿಂದ ಅವರು ಫಾರ್ವರ್ಡ್ ಆಗಿ ಬಂದ ಯಾವುದನ್ನು ತೋರಿಸಿದರೂ ಒಬ್ಬ ಕೇಳಿಯೇ ಕೇಳುತ್ತಿದ್ದ: "ಇದರಲ್ಲಿ ಯಾರೋ ಕಾಡಿಗೆ ಹಚ್ಚಿದ್ದಾರಾ?"

ಕಾವ್ಯದಿಂದ ಲಯ ಬಂತು, ಅಕ್ಷರದ ಎಚ್ಚರ ಬಂತು. ಇನ್ನು ಹಳೆಯ ಭಾಷೆ. ಇದರಲ್ಲಿ ನನಗೊಂದು ಪಾಠವಾಯಿತು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರು ಹೊಯ್ಸಳರ ಮೂಲಸ್ಥಾನ. ಶಾಸನಗಳು ಅದನ್ನು ಸೊಸೆವೂರು ಅನ್ನುತ್ತವೆ. ಹಳೆಯ ಬಸದಿಗಳಿವೆ, ವಾಸಂತಮ್ಮನ ಗುಡಿಯಿದೆ. ಹುಲಿ ಮೇಲೆ ಬಿದ್ದಾಗ ಜೈನ ಮುನಿ "ಪೊಯ್ ಸಳ" ಅಂದನಂತೆ, ಅಂದರೆ ಹೊಡೆ ಸಳ ಎಂದು, ಸಳ ಎಂಬವನು ಹುಲಿಯನ್ನು ಹೊಡೆದನಂತೆ, ಹೊಯ್ಸಳ ಎಂಬ ಹೆಸರು ಬಂತಂತೆ. ನಿಜವೋ ಕತೆಯೋ, ಇರಲಿ. ನನ್ನ ಕೆಲಸ ಆ ಪೊಯ್ ಎಂಬ ಪದದ್ದು. ಪೊಯ್ ಆಮೇಲೆ ಹೊಯ್ ಆಯಿತು. ಹಳೆಗನ್ನಡದಲ್ಲಿ ಪ ಇದ್ದ ಎಷ್ಟೋ ಕಡೆ ನಮಗೀಗ ಹ. ಪಾಲ್ ಹೋಗಿ ಹಾಲು. ಪೂ ಹೋಗಿ ಹೂ. ಪಲ್ ಹೋಗಿ ಹಲ್ಲು. ಪುಲಿ ಹೋಗಿ ಹುಲಿ.

ಇದನ್ನು ಹೇಳಿ, ನಾನು ಹಳೆಯ ಪದ ಹೇಳುತ್ತೇನೆ, ನೀವು ಅರ್ಥ ಹೇಳಿ ಅಂದೆ. ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳು ಯೋಚಿಸುತ್ತ ಕೂತರು. ತೋಟದ ಕೆಲಸಗಾರರ ಲೈನ್ ಮನೆಯ ಹುಡುಗನೊಬ್ಬ ನಾನು ಬಾಯಿ ಮುಚ್ಚುವುದರೊಳಗೆ ಉತ್ತರ ಹೇಳುತ್ತಿದ್ದ. ಪಾಲ್? ಹಾಲು. ಪುಲಿ? ಹುಲಿ. ಪಲ್? ಹಲ್ಲು. ಅವನ ಅಜ್ಜನ ಕಾಲದಲ್ಲಿ ತಮಿಳುನಾಡಿನಿಂದ ತೋಟದ ಕೆಲಸಕ್ಕೆ ಬಂದ ಮನೆ. ಮನೆಮಾತು ತಮಿಳು. ಅವನಿಗೆ ಇವೆಲ್ಲ ದಿನಬಳಕೆಯ ಮಾತು. ಇನ್ನೊಬ್ಬನ ಮನೆಮಾತು ತುಳು. ಅವನು, "ನಮ್ಮಲ್ಲಿ ಪಿಲಿ ಸಾರ್" ಅಂದ. ಶಾಲೆಯಲ್ಲಿ ಇವರಿಬ್ಬರಿಗೂ ಕನ್ನಡದಲ್ಲಿ ಹಿಂದೆ ಎಂದೇ ಹೆಸರು.

ಆಮೇಲೆ ಮಳೆ. ಹಳೆಗನ್ನಡದಲ್ಲಿ ಈ ಪದದ ಕೊನೆಯ ವ್ಯಂಜನ ನಮ್ಮ ಈಗಿನ ಳ ಅಲ್ಲ. ಈಗ ಬಿಟ್ಟುಹೋಗಿರುವ ಇನ್ನೊಂದು ಅಕ್ಷರ, ೞ. ಮೞೆ. ನಾಲಿಗೆಯನ್ನು ಮೇಲಕ್ಕೆ ಮಡಿಚಿ, ಎಲ್ಲೂ ತಾಗಿಸದೆ ಬಿಡಬೇಕು. ನಾನು ಕಾಲೇಜಿನಲ್ಲಿ ಅದರ ರೂಪ ಕಲಿತಿದ್ದೆ. ಉಚ್ಚಾರಣೆ ಇಂದಿಗೂ ನನಗೆ ಸರಿಯಾಗಿ ಬಾರದು. ಈಗ ನಿಮ್ಮ ಮುಂದೆ ಹೇಳಿದ್ದೂ ಅಷ್ಟಕ್ಕಷ್ಟೇ. ಆ ಹುಡುಗ, "ಹಾಗಲ್ಲ ಸಾರ್" ಅಂದ. ಫೋನನ್ನು ಅಜ್ಜಿಯ ಕೈಗೆ ಕೊಟ್ಟ. ಅಜ್ಜಿ ತಮಿಳಿನಲ್ಲಿ ಮಳೆಗೆ ಏನನ್ನುತ್ತಾರೋ ಅದನ್ನು ಹೇಳಿದರು. ಆ ಅಕ್ಷರ ಅಲ್ಲಿತ್ತು. ಸಾವಿರ ವರ್ಷದ ಹಿಂದೆ ನಮ್ಮ ಬಾಯಲ್ಲಿದ್ದ ದನಿ, ಕಾಫಿ ತೋಟದ ಲೈನಿನಲ್ಲಿ ಒಲೆಯ ಮುಂದೆ ಕೂತ ಅಜ್ಜಿಯ ಬಾಯಲ್ಲಿ. ಹೊರಗೆ ಅದೇ ಸುರಿಯುತ್ತಿತ್ತು. ಎಂಟು ಮಕ್ಕಳು ಎಂಟು ಗುಡ್ಡದಿಂದ ಅಜ್ಜಿ ಹೇಳಿದ್ದನ್ನು ಹೇಳಿ ಅಭ್ಯಾಸ ಮಾಡಿದರು. ಅಜ್ಜಿ ಪ್ರತಿಯೊಬ್ಬರನ್ನೂ ತಿದ್ದಿದರು. ಆವತ್ತಿನ ಪಾಠಕ್ಕೆ ಮೇಷ್ಟ್ರು ನಾನಲ್ಲ.

ಒಂದು ಮಾತು ಮರೆಯಬಾರದು. ಈಚಿನ ವರ್ಷಗಳಲ್ಲಿ ತೋಟದ ಕೆಲಸಕ್ಕೆ ಅಸ್ಸಾಮಿನ ಕಡೆಯಿಂದ ಬಂದವರಿದ್ದಾರೆ. ಆ ಮಕ್ಕಳಿಗೆ ಈ ಸುಳಿವು ಸಿಕ್ಕುವುದಿಲ್ಲ. ಅವರಿಗೆ ಹೊಸಗನ್ನಡವೇ ಹೊಸದು. ಅವರಿಗೆ ನಾನು ಇನ್ನೂ ದಾರಿ ಹುಡುಕುತ್ತಿದ್ದೇನೆ.

ಸಂಧಿ ಬಿಡಿಸುವುದನ್ನೂ ಕಿವಿಯಿಂದಲೇ ಮಾಡಿಸಿದೆ. ಓಲೆಗರಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುತ್ತಿರಲಿಲ್ಲ. ಮಾತಿನಲ್ಲೂ ನಾವು ಬಿಡುವುದಿಲ್ಲ. ಹಾಗಾಗಿ ಕೇಳಿ ಒಡೆಯುವುದೇ ಸರಿಯಾದ ಅಭ್ಯಾಸ. ಕಾಡಾನೆ ಅಂದರೆ ಏನು, ಬಿಡಿಸು ಅಂದೆ. ಕಾಡು ಕೂಡಿಸು ಆನೆ ಎಂಬ ಉತ್ತರಕ್ಕೆ ಕಾಯುತ್ತಿದ್ದೆ. "ಕಾಡುವ ಆನೆ ಸಾರ್" ಅಂದ ಮೂಡಿಗೆರೆಯ ಹುಡುಗ. ಹಿಂದಿನ ರಾತ್ರಿ ಅವರ ಬಾಳೆತೋಟಕ್ಕೆ ನುಗ್ಗಿತ್ತು. ಅರ್ಧ ಅಂಕ ಕೊಟ್ಟೆ.

ಇದುವರೆಗೆ ಹೇಳಿದ್ದು ಕಾವ್ಯ ಮತ್ತು ಭಾಷೆ. ಇನ್ನು ವಾದ.

ಹನ್ನೊಂದರಿಂದ ಹದಿಮೂರು ವಯಸ್ಸು ಎದುರುತ್ತರದ ವಯಸ್ಸು. ಮನೆಯಲ್ಲಿ ಆ ವಯಸ್ಸಿನವರು ಇದ್ದರೆ ನಿಮಗೆ ನಾನು ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಡೊರೊತಿ ಸೇಯರ್ಸ್, ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದವರು, 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ಉಪನ್ಯಾಸ ಕೊಟ್ಟರು. ಯುರೋಪಿನ ಹಳೆಯ ಪಾಠಕ್ರಮದಲ್ಲಿ ಮೊದಲು ವ್ಯಾಕರಣ, ಆಮೇಲೆ ತರ್ಕ, ಆಮೇಲೆ ಮಾತುಗಾರಿಕೆ. ಎದುರುತ್ತರದ ವಯಸ್ಸಿಗೆ ತರ್ಕವೇ ತಕ್ಕ ಪಾಠ, ಹೇಗೂ ವಾದಿಸುವವರಿಗೆ ಸರಿಯಾಗಿ ವಾದಿಸಲು ಕಲಿಸಿ, ಎಂಬುದು ಅವರ ಮಾತಿನ ಸಾರ. ಇವತ್ತು ಅಮೆರಿಕದಲ್ಲಿ ಮನೆಯಲ್ಲೇ ಓದುವ ಮಕ್ಕಳಿಗೆ ಲ್ಯಾಟಿನ್, ತರ್ಕ ಎಂದು ಆನ್‌ಲೈನ್ ಪಾಠ ಹೇಳುವವರು ಆ ಉಪನ್ಯಾಸವನ್ನು ನೆನೆಯುತ್ತಾರೆ.

ನಮಗೆ ಲ್ಯಾಟಿನ್ ಯಾಕೆ? ನಮ್ಮಲ್ಲಿ ತಾಳಮದ್ದಳೆ ಇದೆ. ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಆಗ ನಡೆಯುವುದು ಇದು: ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಮದ್ದಳೆ, ಎರಡು ಕಡೆ ಅರ್ಥಧಾರಿಗಳು. ಕೂತು ಮಾತಾಡುವುದು, ಅಷ್ಟೇ. ಪದ್ಯದ ಚೌಕಟ್ಟು ಮೀರದೆ, ಎದುರಿನವನ ಮಾತನ್ನೇ ಹಿಡಿದು, ಅಲ್ಲೇ ಹುಟ್ಟಿಸಿ ಉತ್ತರ ಕೊಡಬೇಕು. ಇದೂ ಕಿವಿಯ ಕಲೆಯೇ. 2020ರ ಮಳೆಗಾಲದಲ್ಲಿ ಎಷ್ಟೋ ತಾಳಮದ್ದಳೆಗಳು ಆನ್‌ಲೈನಿನಲ್ಲಿ ನಡೆದವು. ಅದನ್ನು ಕೇಳಿಯೇ ನನಗೆ ಧೈರ್ಯ ಬಂದದ್ದು.

ಮಕ್ಕಳಿಗೆ ಕೊಟ್ಟದ್ದು ಸುಧನ್ವನ ಪ್ರಸಂಗ. ಇದೂ ಜೈಮಿನಿ ಭಾರತದ್ದೇ. ಹಂಸಧ್ವಜ ರಾಜ ಡಂಗುರ ಹೊಡೆಸುತ್ತಾನೆ. ಯುದ್ಧಕ್ಕೆ ತಡವಾಗಿ ಬಂದವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುತ್ತೇನೆ ಎಂದು. ತಡವಾಗಿ ಬಂದವನು ಅವನ ಮಗ ಸುಧನ್ವನೇ. ಮನೆಯಲ್ಲಿ ಹೆಂಡತಿ ತಡೆದಿದ್ದಳು. ಶಂಖ, ಲಿಖಿತ ಎಂಬ ಪುರೋಹಿತರು, ಮಗನಾದರೇನು, ಮಾತು ಮಾತೇ ಅನ್ನುತ್ತಾರೆ. ಸುಧನ್ವನನ್ನು ಎಣ್ಣೆಗೆ ಹಾಕುತ್ತಾರೆ. ಅವನಿಗೆ ಏನೂ ಆಗುವುದಿಲ್ಲ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಪುರೋಹಿತರು ಒಂದು ತೆಂಗಿನಕಾಯಿ ಹಾಕಿ ನೋಡುತ್ತಾರೆ. ಅದು ಸಿಡಿದು ಇಬ್ಬರಿಗೂ ಬಡಿಯುತ್ತದೆ.

ತಡವಾಗಿ ಬರುವುದು ಅಂದರೇನು ಎಂದು ನನ್ನ ಮಕ್ಕಳಿಗೆ ಹೇಳಿಕೊಡಬೇಕಾಗಿರಲಿಲ್ಲ. ದಿನಕ್ಕೊಬ್ಬ ತಡವಾಗಿಯೇ ಸೇರುತ್ತಿದ್ದ. ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ತೋಟದಲ್ಲಿ. ಇಲ್ಲವೇ ಚಾರ್ಜ್ ಇಲ್ಲ. ಇಲ್ಲವೇ ಆನೆ ಬಂದಿದೆ ಎಂದು ಗುಂಪಿನಲ್ಲಿ ಸಂದೇಶ, ಕಲ್ಲು ಹತ್ತುವ ಹಾಗಿಲ್ಲ. ಹಾಗಾಗಿ ಹೊತ್ತಿಕೊಂಡಿತು ವಾದ. ರಾಜನ ಪಕ್ಷಕ್ಕೆ ಇಬ್ಬರು, ಸುಧನ್ವನ ಪಕ್ಷಕ್ಕೆ ಏಳು. ಎದುರಿನವರು ಹೇಳಿದ್ದನ್ನು ಅವರು ಒಪ್ಪುವ ಹಾಗೆ ಮೊದಲು ನೀವು ಹೇಳಬೇಕು, ಆಮೇಲೆ ಉತ್ತರ ಎಂದು ಒಂದೇ ನಿಯಮ ಇಟ್ಟೆ. ಕಲ್ಲಿನ ಹುಡುಗಿ ಬೇಕೆಂದೇ ರಾಜನ ಪಕ್ಷ ಹಿಡಿದಳು. "ಮಗನಿಗೆ ಒಂದು, ಕೂಲಿಯವನಿಗೆ ಒಂದು ಅಂತ ಇದ್ದರೆ ಅದು ರೂಲ್ಸಾ?" ಅಂದಳು. ಏಳು ಮಂದಿಗೂ ಮಾತು ನಿಂತಿತು. ಆಮೇಲೆ ತೊದಲುವ ಹುಡುಗ ನಿಧಾನವಾಗಿ, "ರೂಲ್ಸು ಎಲ್ಲರಿಗೂ ಒಂದೇ ಸರಿ. ಆದ್ರೆ ರೂಲ್ಸೇ ತಪ್ಪಿದ್ರೆ?" ಅಂದ. ತರ್ಕದ ಪಾಠ ಇನ್ನೇನು ಬೇಕು?

ಇನ್ನು ಕಲ್ಲುಗಳ ಮಾತು, ಬೇಗ ಮುಗಿಸುತ್ತೇನೆ. ಶಾಸನ, ವೀರಗಲ್ಲು ಕಣ್ಣಿಗೆ ಸೇರಿದವು, ಇವನ್ನು ಕಿವಿಗೆ ಹೇಗೆ ಕಲಿಸುವುದು ಎಂದು ನೀವು ಕೇಳಬಹುದು. ರೇಡಿಯೋದವರು ಕ್ರಿಕೆಟ್ ಹೇಳುವ ಹಾಗೆ. ಹತ್ತಿರದ ವೀರಗಲ್ಲಿನ ಮುಂದೆ ಒಬ್ಬ ನಿಂತು, ನೋಡದವರಿಗೆ ಕಾಣುವ ಹಾಗೆ ಹೇಳಬೇಕು. "ಕೆಳಗೆ ಹೊಡೆದಾಟ. ಮಧ್ಯದಲ್ಲಿ ಇಬ್ರು ಹೆಂಗಸರು ಅವನ ತೋಳು ಹಿಡ್ಕೊಂಡು ಮೇಲಕ್ಕೆ ಕರ್ಕೊಂಡು ಹೋಗ್ತಿದಾರೆ. ಮೇಲೆ ಲಿಂಗ." ಇನ್ನೊಂದು ತುದಿಯಿಂದ ಪ್ರಶ್ನೆ: "ಹಾಗಾದ್ರೆ ಕೆಳಗಿಂದ ಮೇಲಕ್ಕೆ ಓದ್ಬೇಕಾ?" ಹೌದು, ಅದನ್ನು ಕೆಳಗಿನಿಂದಲೇ ಓದಬೇಕು. ಶಾಸನಗಳಾದರೆ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟದಲ್ಲಿ ನಮ್ಮ ಜಿಲ್ಲೆಯವನ್ನು 1901ರಲ್ಲೇ ಅಚ್ಚು ಹಾಕಿಸಿದ್ದಾರೆ. ಆಗ ಇದಕ್ಕೆ ಕಡೂರು ಜಿಲ್ಲೆ ಎಂದು ಹೆಸರು. ಆ ಪುಸ್ತಕ ಈಗ ಅಂತರ್ಜಾಲದಲ್ಲಿ ಬಿಟ್ಟಿ. ಲಕ್ಷ್ಮೀಶ, ಕುಮಾರವ್ಯಾಸ ವಿಕಿಸೋರ್ಸ್‌ನಲ್ಲಿದ್ದಾರೆ. ವಚನ ಸಂಚಯ ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ವಚನಗಳಿವೆ, ಒಂದು ಪದ ಕೊಟ್ಟರೆ ಹುಡುಕಿಕೊಡುತ್ತದೆ. ಅಲರ್ ಎಂಬ ಆನ್‌ಲೈನ್ ನಿಘಂಟಿನಲ್ಲಿ ಒಂದೂವರೆ ಲಕ್ಷದಷ್ಟು ಪದ. ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿಗೆ ಕನ್ನಡ ಬರಲೇಬೇಕು ಎಂದು ಹಟ ಹಿಡಿದಾಗ ಎಷ್ಟೋ ಮಂದಿ ನಕ್ಕಿದ್ದರು. 2007ರಲ್ಲಿ ತೀರಿಕೊಂಡ ಅವರು ಇದನ್ನೆಲ್ಲ ನೋಡಬೇಕಿತ್ತು.

ನೆನಪಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಲಯ, ಅಕ್ಷರ, ಹಳೆಯ ಮಾತು, ವಾದ, ಕಲ್ಲು. ಎಲ್ಲವೂ ದನಿಯಲ್ಲೇ ಬಂದವು. ಈಗ ಆಕ್ಷೇಪಗಳಿಗೆ ಬರೋಣ.

ಮೊದಲನೆಯದು ಅಪ್ಪಂದಿರದು. "ಮೇಷ್ಟ್ರೇ, ಇದರಿಂದ ಮಾರ್ಕ್ಸ್ ಬರ್ತದಾ?" ಬರುವುದಿಲ್ಲ ಅಂದೆ. ಸುಳ್ಳು ಹೇಳಲಿಲ್ಲ. ಇಬ್ಬರು ಬಿಟ್ಟುಹೋದರು, ಒಬ್ಬ ಮರಳಿ ಬಂದ.

ಎರಡನೆಯದು ಹಿರಿಯ ಗೆಳೆಯರೊಬ್ಬರದು. ಮುಖ ನೋಡದೆ, ಎದುರಿಗೆ ಕೂರದೆ ಇಂಥ ವಿದ್ಯೆ ಬರುವುದಿಲ್ಲ, ಗುರುವಿನ ಪಕ್ಕದಲ್ಲೇ ಇರಬೇಕು ಎಂದು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಪಕ್ಕದಲ್ಲಿ ಯಾರು ಕೂರಬಹುದಿತ್ತು ಎಂದೂ ಕೇಳಬೇಕಲ್ಲ? ನಾನು ಹುಡುಗನಾಗಿದ್ದಾಗ ಭಾರತ ಓದಿಸುತ್ತಿದ್ದ ಜಗಲಿಗಳಲ್ಲಿ ಕೆಲವರು ಮೇಲೆ, ಕೆಲವರು ಮೆಟ್ಟಿಲಿನಲ್ಲಿ, ಕೆಲವರು ಅಂಗಳದಾಚೆ. ಅಂಗಳದಾಚೆ ನಿಂತವರ ಮೊಮ್ಮಕ್ಕಳೂ ನನ್ನ ಒಂಬತ್ತರಲ್ಲಿ ಇದ್ದಾರೆ. ಫೋನಿನಲ್ಲಿ ಜಗಲಿ ಇಲ್ಲ. ಎಲ್ಲರ ಕಿವಿಗೂ ಪದ್ಯ ಒಂದೇ ದೂರ. ಫೋನೇ ಇಲ್ಲದ ಮನೆ ಇದೆ, ಅದೂ ನಿಜ. ಜನವರಿಯಲ್ಲಿ ಕೊಯ್ಲಿನ ಭರದಲ್ಲಿ ಲೈನಿನ ಮಕ್ಕಳು ಪಾಠಕ್ಕೆ ಬರುವುದೇ ಇಲ್ಲ. ಹಣ್ಣು ಹೆಕ್ಕಲು ಅಮ್ಮನ ಜೊತೆ ಹೋಗಿರುತ್ತಾರೆ. ಆ ತಿಂಗಳು ನನ್ನ ಪಾಠ ನಿಂತೇ ಇರುತ್ತದೆ.

ಮೂರನೆಯ ಆಕ್ಷೇಪ ಮಕ್ಕಳದ್ದೇ. ಗಂಡನ ಮಾತಿಗೆ ಎದುರು ನಡೆದಳೆಂದು ಕಲ್ಲಾದ ಚಂಡಿಯ ಕತೆ ಇದೇ ಕಾವ್ಯದಲ್ಲಿದೆ. ಅದನ್ನು ಓದಿದ ದಿನ ಹುಡುಗಿಯರು ಸುಮ್ಮನಿದ್ದರು. ಕೊನೆಗೆ ಒಬ್ಬಳು, "ಕವಿಗೆ ಇದು ಸರಿ ಅನ್ನಿಸಿತ್ತಾ ಸಾರ್?" ಅಂದಳು. ಹಳೆಯದೆಲ್ಲ ಹೊನ್ನು ಎಂದು ಪಾಠ ಹೇಳುವವನು ನಾನಲ್ಲ. ಕತೆಯನ್ನು ಚಂಡಿಯ ಬಾಯಿಂದ ಹೇಳಿ ನೋಡು ಅಂದೆ. ಮುಂದಿನ ವಾರ ಅವಳು ಮೂರು ನಿಮಿಷದ ದನಿ ಕಳಿಸಿದಳು. ಅದನ್ನು ಇಲ್ಲಿ ಕೇಳಿಸಲೇ ಎಂದು ಅವಳನ್ನು ಕೇಳಿದೆ. ಬೇಡ ಅಂದಳು.

ಸಿಗ್ನಲ್ ಕಲ್ಲಿನ ಹುಡುಗಿ ಈಗ ಹಾಸ್ಟೆಲಿನಲ್ಲಿದ್ದಾಳೆ. ಅವಳ ಕೊಪ್ಪೆ ತಮ್ಮನಿಗೆ ಬಂದಿದೆ, ಕಲ್ಲೂ ಬಂದಿದೆ. ಆರನೇ ಕ್ಲಾಸು. ಹೋದ ವಾರ ಅವನಿಗೆ ಸುಧನ್ವನ ಕತೆ ಹೇಳಿದೆ. ಅಕ್ಕನಿಂದ ಮೊದಲೇ ಕೇಳಿದ್ದ ಅಂತ ಕಾಣುತ್ತದೆ, ಪ್ರಶ್ನೆ ತಯಾರಿತ್ತು.

"ಸಾರ್, ಸುಧನ್ವ ಎಷ್ಟು ಹೊತ್ತು ತಡ?"

ಎಷ್ಟು ಗಳಿಗೆ ಅಂತ ನನಗೆ ನೆನಪಿಲ್ಲಪ್ಪ, ಪುಸ್ತಕ ನೋಡಬೇಕು ಅಂದೆ.

"ನೋಡಿ ಸಾರ್. ಅದು ಗೊತ್ತಾಗದೆ ನಾನು ಯಾರ ಪಕ್ಷ ಅಂತ ಹೇಳಲ್ಲ."

ಪುಸ್ತಕ ಈಗ ಮೇಜಿನ ಮೇಲಿದೆ. ಇವತ್ತು ಸಂಜೆ ಐದೂವರೆಗೆ ಪಾಠ.